ಅವರು ನಿಮಗೆ ಏನಾಗಬೇಕು?

ಸಾವಾದ ಮನೆಗೆ ಹೋದಾಗ ಅಂಗಳದಲ್ಲಿ ಕೂತ ಹಿರಿಯರೊಬ್ಬರು ಮೆಲ್ಲಗೆ ಕೇಳುವ ಪ್ರಶ್ನೆಯೊಂದಿದೆ: “ಅವರು ನಿಮಗೆ ಏನಾಗಬೇಕು?” ಬರೀ ಕುತೂಹಲದಂತೆ ಕಂಡರೂ ಅದರೊಳಗೊಂದು ಲೆಕ್ಕಾಚಾರವಿದೆ. ನಮ್ಮಲ್ಲಿ ದುಃಖಕ್ಕೆ ಅಳತೆಯುಂಟು. ಹತ್ತಿರದ ದಾಯಾದಿಗಳಿಗೆ ಹತ್ತು ದಿನದ ಸೂತಕ, ಸ್ವಲ್ಪ ದೂರದವರಿಗೆ ಮೂರು ದಿನ, ಇನ್ನೂ ದೂರವಾದರೆ ಒಂದು ಸ್ನಾನ. ಯಾರು ಹೆಗಲು ಕೊಡಬೇಕು, ಯಾರು ಅಡುಗೆಮನೆಗೆ ಹೋಗಬಾರದು, ಯಾರು ಹೇಳಿ ಹೋಗಬೇಕು, ಯಾರು ಹೇಳದೆ ಎದ್ದು ಹೋಗಬೇಕು ಎಂಬುದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಈ ಪಟ್ಟಿಯಲ್ಲಿ ಗೆಳೆಯರಿಗೇ ಸರಿಯಾದ ಜಾಗವಿಲ್ಲ. ಹಾಗಿರುವಾಗ ಬಾಲ್ಯದಲ್ಲಿ ಟಿವಿ ಪರದೆಯ ಆಚೆಯಿಂದ ನಮ್ಮೊಡನೆ ಮಾತಾಡಿದ, ನಮ್ಮ ಹೆಸರು ಬಿಡಿ, ನಾವು ಇದ್ದೇವೆಂಬುದೂ ಗೊತ್ತಿಲ್ಲದ ಒಬ್ಬ ಮನುಷ್ಯ ತೀರಿಕೊಂಡರೆ ನಾವು ಏನೆಂದು ಉತ್ತರಿಸಬೇಕು?

2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ ಈ ಪ್ರಶ್ನೆ ನನಗೆ ಎದುರಾಯಿತು. ಅವರಿಗೆ 81 ವರ್ಷ. ರಾಜ್ಯ ಸರ್ಕಾರ ಒಂದು ದಿನದ ರಜೆಯನ್ನೂ ಮೂರು ದಿನದ ಶೋಕಾಚರಣೆಯನ್ನೂ ಘೋಷಿಸಿತು. ಪತ್ರಿಕೆಗಳು ‘ಯಯಾತಿ’, ‘ತುಘಲಕ್’, ‘ಹಯವದನ’ಗಳ ಬಗ್ಗೆ ಬರೆದವು; ಜ್ಞಾನಪೀಠವನ್ನು, ಸಿನಿಮಾಗಳನ್ನು, ಅವರ ರಾಜಕೀಯ ನಿಲುವುಗಳನ್ನು ನೆನೆದವು. ನನ್ನೊಳಗೆ ಮಿಸುಕಿದ ದುಃಖ ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ನನ್ನ ಪಾಲಿಗೆ ಅವರು ಮೊದಲು ನಾಟಕಕಾರರಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದ ಗಡ್ಡದ ಮನುಷ್ಯ ಅವರು. ಅದೇ ಕಾರ್ಯಕ್ರಮದಲ್ಲಿ ನೋಡುಗರು ಬರೆದು ಕಳಿಸಿದ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಬಿಳಿಗೂದಲಿನ ಪ್ರೊಫೆಸರ್ ಯಶ್ ಪಾಲ್ 2017ರ ಜುಲೈನಲ್ಲಿ, 90ನೇ ವಯಸ್ಸಿನಲ್ಲಿ, ಹೋಗಿದ್ದರು. ಎರಡು ವರ್ಷಗಳ ಅಂತರದಲ್ಲಿ ಆ ಪರದೆ ಪೂರ್ತಿ ಖಾಲಿಯಾಯಿತು.

ಟರ್ನಿಂಗ್ ಪಾಯಿಂಟ್ ಮಕ್ಕಳಿಗೆಂದೇ ಮಾಡಿದ ಕಾರ್ಯಕ್ರಮವಾಗಿರಲಿಲ್ಲ. ಆದರೆ ಅದನ್ನು ಬಿಟ್ಟೂಬಿಡದೆ ನೋಡಿದವರಲ್ಲಿ ಮಕ್ಕಳೇ ಹೆಚ್ಚೆಂದು ನನ್ನ ವಯಸ್ಸಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಆಗ ಟಿವಿ ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ ಮಾತ್ರ. ಆಂಟೆನಾವನ್ನು ಉದ್ದನೆಯ ಬಿದಿರಿಗೆ ಕಟ್ಟಿ ನಿಲ್ಲಿಸಿದ್ದರು. ಗಾಳಿ ಬೀಸಿದರೆ ಚಿತ್ರದ ಬದಲು ಚುಕ್ಕೆಗಳು; ಒಬ್ಬರು ಹೊರಗೆ ಹೋಗಿ ಬಿದಿರು ತಿರುಗಿಸುವುದು, ಒಳಗಿನವರು “ಬಂತು, ಬಂತು... ಹೋಯ್ತು” ಎಂದು ಕೂಗುವುದು. ಅವರು ಆಡುತ್ತಿದ್ದುದು ಕನ್ನಡವಲ್ಲ. ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ನಾವು ಊಹಿಸಿಕೊಳ್ಳುತ್ತಿದ್ದೆವು. ಕಾರ್ನಾಡರು ಬಾಲ್ಯದಲ್ಲಿ ನಮ್ಮ ಶಿರಸಿಯಲ್ಲೇ ಇದ್ದವರು ಎಂದು ದೊಡ್ಡಪ್ಪ ಪ್ರತಿ ಸಲವೂ ಹೇಳುತ್ತಿದ್ದರು. ಆ ಒಂದು ಕಾರಣಕ್ಕೆ ಅವರ ಇಂಗ್ಲಿಷ್ ಕೂಡ ನಮಗೆ ಸ್ವಲ್ಪ ನಮ್ಮದೇ ಅನ್ನಿಸುತ್ತಿತ್ತು.

ನನಗೆ ಆಗ ಒಂದು ಪ್ರಶ್ನೆಯಿತ್ತು. ಹಲಸಿನ ಹಣ್ಣು ಬಿಡಿಸಿದರೆ ಕೈಗೆ ಹತ್ತುವ ಅಂಟು ಎಷ್ಟು ನೀರಲ್ಲಿ ತೊಳೆದರೂ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿದರೆ ಹೋಗುತ್ತದೆ. ಯಾಕೆ? ಮನೆಯಲ್ಲಿ ಕೇಳಿದರೆ “ಅದು ಹಾಗೇ” ಎನ್ನುತ್ತಿದ್ದರು. ಶಾಲೆಯಲ್ಲಿ ಕೇಳಿದರೆ “ಪಾಠದಲ್ಲಿ ಇರುವುದನ್ನು ಕೇಳು” ಎನ್ನುತ್ತಿದ್ದರು. ನಾನು ಆ ಪ್ರಶ್ನೆಯನ್ನು ದೂರದರ್ಶನಕ್ಕೆ ಬರೆದು ಕಳಿಸಲಿಲ್ಲ. ಆದರೆ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವವರೊಬ್ಬರು ಎಲ್ಲೋ ಇದ್ದಾರೆ, ಹಲಸಿನ ಅಂಟು ಕೂಡ ಅವರ ಮುಂದೆ ಇಡಬಹುದಾದ ಸಂಗತಿಯೇ ಎಂಬುದು ತಿಳಿದಿದ್ದೇ ನನಗೆ ಸಾಕಾಗಿತ್ತು. ಉತ್ತರ ಬಹಳ ವರ್ಷಗಳ ನಂತರ ಕಾಲೇಜಿನ ರಸಾಯನಶಾಸ್ತ್ರದಲ್ಲಿ ಸಿಕ್ಕಿತು. ಪ್ರಶ್ನೆಯನ್ನು ಅಲ್ಲಿಯವರೆಗೆ ಜೀವಂತವಾಗಿ ಇಟ್ಟವರು ಮಾತ್ರ ಇವರು.

ಈಗ ಎದುರುವಾದವನ್ನು ಕೇಳೋಣ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಒಂದು ಪ್ರಬಂಧ ಬರೆದರು. ರೇಡಿಯೊ, ಟಿವಿಗಳಲ್ಲಿ ನೋಡುಗರನ್ನು ನೇರವಾಗಿ ಉದ್ದೇಶಿಸಿ ಮಾತಾಡುವವರು ಮುಖಾಮುಖಿ ಪರಿಚಯದ ಭ್ರಮೆ ಹುಟ್ಟಿಸುತ್ತಾರೆ. ನೋಡುಗ ಅವರನ್ನು ಆಪ್ತರೆಂದು ಭಾವಿಸುತ್ತಾನೆ. ಆದರೆ ಸಂಬಂಧ ಒಮ್ಮುಖವಾದದ್ದು, ಅದರ ಹಿಡಿತವೆಲ್ಲ ಆಡುವವನ ಕೈಯಲ್ಲಿ ಎಂಬುದು ಅವರ ವಿಶ್ಲೇಷಣೆ. ಇಂದು ಎಲ್ಲರ ಬಾಯಲ್ಲಿರುವ ‘ಪ್ಯಾರಾಸೋಶಿಯಲ್’ ಎಂಬ ಪದ ಬಂದದ್ದು ಅಲ್ಲಿಂದ. ಈ ವಾದವನ್ನು ಒಪ್ಪಿದರೆ ನನ್ನ ದುಃಖ ಭ್ರಮೆಯೊಂದರ ಬಾಲ. ಇಲ್ಲದ ಸಂಬಂಧ ಕಡಿದುಹೋಯಿತೆಂದು ಅಳುವುದು ಹೇಗೆ?

ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇವತ್ತು ಮೊಬೈಲಿನಲ್ಲಿ ಮಕ್ಕಳ ಮುಂದೆ ಬಂದು “ನನ್ನ ಮುದ್ದು ಗೆಳೆಯರೇ, ನಿಮ್ಮನ್ನು ಎಷ್ಟು ಮಿಸ್ ಮಾಡಿಕೊಂಡೆ ಗೊತ್ತಾ” ಎಂದು ಶುರುಮಾಡಿ ಸಬ್‌ಸ್ಕ್ರೈಬ್ ಬಟನ್ ಒತ್ತಿ ಎಂದು ಮುಗಿಸುವವರನ್ನು ನೋಡಿದರೆ ಹಾರ್ಟನ್ ಮತ್ತು ವೋಲ್ ಸರಿಯಾಗಿಯೇ ಬರೆದಿದ್ದಾರೆ ಎನ್ನಿಸುತ್ತದೆ. ಅಲ್ಲಿ ಮಗುವಿನ ಪ್ರೀತಿಯನ್ನು ಎಣಿಸಿ ಮಾರುವ ವ್ಯಾಪಾರವಿದೆ. ಆದರೆ ಪರದೆಯ ಮೇಲಿನ ಸಂಬಂಧಗಳೆಲ್ಲ ಒಂದೇ ಬಗೆಯವೇ?

ಯಶ್ ಪಾಲ್ ನನ್ನನ್ನು ಪ್ರೀತಿಸುತ್ತೇನೆಂದು ಎಂದೂ ಹೇಳಲಿಲ್ಲ. ನನ್ನನ್ನು ಬಲ್ಲೆನೆಂಬ ನಟನೆಯನ್ನೂ ಮಾಡಲಿಲ್ಲ. ಅವರು ಮಾತಾಡುತ್ತಿದ್ದುದು ಆಕಾಶದ ಬಗ್ಗೆ, ನೀರಿನ ಬಗ್ಗೆ, ಬೆಳಕಿನ ಬಗ್ಗೆ. ಅವರ ಕಣ್ಣು ಆ ವಸ್ತುವಿನ ಮೇಲೆ, ನನ್ನ ಕಣ್ಣೂ ಅದರ ಮೇಲೆಯೇ. ಇಬ್ಬರು ಒಬ್ಬರನ್ನೊಬ್ಬರು ನೋಡುತ್ತ ಕೂರುವುದು ಒಂದು ಬಗೆಯ ಆಪ್ತತೆ. ಅಕ್ಕಪಕ್ಕ ನಿಂತು ಮೂರನೆಯದೊಂದನ್ನು ನೋಡುವುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ಸುಳ್ಳು. ಎರಡನೆಯದಕ್ಕೆ ನೋಡುವ ವಸ್ತು ನಿಜವಾಗಿದ್ದರೆ ಸಾಕು. ಅವರು ತೋರಿಸಿದ ಚಂದ್ರ ನಮ್ಮ ಅಂಗಳದ ಮೇಲೂ ಇದ್ದ. ನನಗೂ ಅವರಿಗೂ ನಡುವೆ ಇದ್ದ ಸಂಬಂಧ ಈ ಲೋಕದ ಮೂಲಕ ಹಾದು ಬಂದದ್ದು. ಆದ್ದರಿಂದ ಅದನ್ನು ಭ್ರಮೆಯೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

1995ರ ಅಕ್ಟೋಬರ್ 24ರ ಬೆಳಿಗ್ಗೆ ಇದಕ್ಕೊಂದು ಸಾಕ್ಷಿ. ದೀಪಾವಳಿಯ ಅಮಾವಾಸ್ಯೆ, ಸೂರ್ಯಗ್ರಹಣ. ಉತ್ತರ ಭಾರತದ ಒಂದು ಪಟ್ಟಿಯಲ್ಲಿ ಪೂರ್ಣಗ್ರಹಣ, ನಮ್ಮಲ್ಲಿ ಭಾಗಶಃ. ದೂರದರ್ಶನ ಅದನ್ನು ನೇರಪ್ರಸಾರ ಮಾಡಿತು. ವಿವರಣೆ ಕೊಟ್ಟವರಲ್ಲಿ ಯಶ್ ಪಾಲ್ ಇದ್ದರು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ, ಒಲೆ ಆರಿಸಿ, ಬಾಗಿಲು ಮುಚ್ಚಿ ಎಲ್ಲರೂ ಒಳಗೆ. ನಾವು ಮಕ್ಕಳು ಮಾತ್ರ ದೊಡ್ಡಪ್ಪನ ಮನೆಯ ಟಿವಿ ಮುಂದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದು ಬಾಗಿಲ ಬಳಿ ನಿಂತು, “ಟಿವಿಯಲ್ಲಿ ನೋಡಿದರೆ ದೋಷ ಇಲ್ಲ ಅಲ್ಲವಾ?” ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅವರು ಅಲ್ಲೇ ನಿಂತರು. ಸೂರ್ಯ ಪೂರ್ತಿ ಮುಚ್ಚಿ, ಅಂಚಿನಲ್ಲಿ ಒಂದು ಹನಿ ಬೆಳಕು ವಜ್ರದ ಉಂಗುರದಂತೆ ಚಿಮ್ಮಿದಾಗ ಅಜ್ಜಿ ಕೈಮುಗಿದರು. ಪರದೆಯ ಮೇಲಿನ ಪ್ರೊಫೆಸರರ ದನಿಯಲ್ಲೂ ಸಂಭ್ರಮವಿತ್ತು. ನಂಬಿಕೆಯವರನ್ನು ಹೀಯಾಳಿಸುವ ಧಾಟಿ ಅದರಲ್ಲಿ ಇರಲಿಲ್ಲ. ಬನ್ನಿ, ಇದನ್ನು ನೋಡದೆ ಇರಬೇಡಿ ಎಂಬ ಕರೆ ಮಾತ್ರ ಇತ್ತು. ಅಜ್ಜಿಯನ್ನು ಬಾಗಿಲವರೆಗೆ ತಂದದ್ದು ವಾದವಲ್ಲ, ಆ ಸಂಭ್ರಮ. ಅವರಿಬ್ಬರೂ ಒಬ್ಬರಿಗೊಬ್ಬರು ಏನೂ ಆಗಬೇಕಾಗಿರಲಿಲ್ಲ. ಆದರೂ ಆ ಎರಡು ನಿಮಿಷ ಒಂದೇ ಸೂರ್ಯನ ಕೆಳಗೆ ಇದ್ದರು.

ಒಮ್ಮುಖ ಎಂಬ ಆಕ್ಷೇಪಕ್ಕೆ ಇನ್ನೊಂದು ಉತ್ತರವೂ ಇದೆ. ಅಮೆರಿಕದ ಮಕ್ಕಳಿಗೆ ಫ್ರೆಡ್ ರಾಜರ್ಸ್ ಎಂಬ ನಿರೂಪಕರಿದ್ದರು. 1968ರಿಂದ 2001ರವರೆಗೆ ಅವರ ಕಾರ್ಯಕ್ರಮ ಅಲ್ಲಿನ ಸಾರ್ವಜನಿಕ ಟಿವಿಯಲ್ಲಿ ಪ್ರಸಾರವಾಯಿತು. ಅವರ ಸೆಟ್ಟಿನಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದಕ್ಕೆ ಅವರು ಆಹಾರ ಹಾಕುತ್ತಿದ್ದರು. ಕಣ್ಣು ಕಾಣದ ಪುಟ್ಟ ಹುಡುಗಿಯೊಬ್ಬಳ ಮನೆಯಿಂದ ಒಮ್ಮೆ ಪತ್ರ ಬಂತು: ಮೀನುಗಳಿಗೆ ಊಟ ಸಿಕ್ಕಿತೋ ಇಲ್ಲವೋ ಎಂದು ಅವಳು ಕಳವಳಪಡುತ್ತಾಳೆ, ದಯವಿಟ್ಟು ಬಾಯಿಬಿಟ್ಟು ಹೇಳಿ. ಅಂದಿನಿಂದ ಅವರು ಮೀನಿಗೆ ಊಟ ಹಾಕುತ್ತಿದ್ದೇನೆಂದು ಹೇಳಿಯೇ ಹಾಕತೊಡಗಿದರು. ಲಕ್ಷಾಂತರ ಮಕ್ಕಳಿಗೆ ಆ ಮಾತು ಯಾಕೆಂದು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಅಲ್ಲಿ ಪ್ರತಿ ಮಗುವಿಗೂ ನಿರೂಪಕರ ಪರಿಚಯವಿರಲಿಲ್ಲ. ಆದರೆ ಮಕ್ಕಳ ಪರವಾಗಿ ಒಬ್ಬಳು ಮಾತಾಡಿದ್ದಳು, ಅವರು ಕೇಳಿಸಿಕೊಂಡಿದ್ದರು. ಟರ್ನಿಂಗ್ ಪಾಯಿಂಟಿನಲ್ಲಿ ದೂರದ ಯಾವುದೋ ಊರಿನ ಹುಡುಗಿಯ ಪ್ರಶ್ನೆಗೆ ಉತ್ತರ ಬಂದಾಗ, ಅವಳು ನನ್ನ ಪರವಾಗಿಯೂ ಕೇಳಿದ್ದಳು ಎಂದೇ ನಾನು ಈಗ ತಿಳಿಯುತ್ತೇನೆ.

ಇಂಥ ಕೊಡುಗೆಗೆ ನಮ್ಮ ಊರುಗಳಲ್ಲಿ ಒಂದು ಹೆಸರಿದೆ: ಅರವಟ್ಟಿಗೆ. ಬೇಸಿಗೆಯಲ್ಲಿ ದಾರಿಬದಿಗೆ ಚಪ್ಪರ ಹಾಕಿ, ಮಣ್ಣಿನ ಗಡಿಗೆಗಳಲ್ಲಿ ನೀರಿಟ್ಟು ಹೋಗುವವರಿಗೆ ಯಾರು ಕುಡಿಯುತ್ತಾರೆಂದು ಗೊತ್ತಿರುವುದಿಲ್ಲ. ಕುಡಿದವರಿಗೆ ಇಟ್ಟವರು ಯಾರೆಂದು ಗೊತ್ತಿರಬೇಕಿಲ್ಲ. ಹಾಗೆಂದು ಬಾಯಾರಿಕೆ ಸುಳ್ಳಲ್ಲ, ನೀರೂ ಸುಳ್ಳಲ್ಲ. ಕನ್ನಡದಲ್ಲಿ ಋಣ ಮತ್ತು ಹಂಗು ಎಂಬ ಎರಡು ಪದಗಳನ್ನು ನಾವು ಬೇರೆಬೇರೆಯಾಗಿ ಬಳಸುತ್ತೇವೆ. ಹಂಗಿನಲ್ಲಿ ತಲೆ ತಗ್ಗುತ್ತದೆ. ಕೊಟ್ಟವನು ನೆನಪಿಸುತ್ತಾನೆ, ಪಡೆದವನು ಮುದುಡುತ್ತಾನೆ. ಋಣದಲ್ಲಿ ಹಾಗಿಲ್ಲ. ಏಕಲವ್ಯ ಮಣ್ಣಿನ ಮೂರ್ತಿಯ ಮುಂದೆ ಕಲಿತಾಗ ಅವನಿಗಿದ್ದದ್ದು ಋಣ. ದ್ರೋಣ ಬಂದು ಹೆಬ್ಬೆರಳು ಕೇಳಿದಾಗ ಅದನ್ನು ಹಂಗಾಗಿ ತಿರುಗಿಸಿದ. ಪರದೆಯ ಮೇಲಿನ ನನ್ನ ಗುರುಗಳಿಗೆ ನನ್ನ ಹೆಬ್ಬೆರಳು ಬೇಕಾಗಿರಲಿಲ್ಲ. ಆದ್ದರಿಂದ ‘ಏನಾಗಬೇಕು’ ಎಂಬ ಪ್ರಶ್ನೆಗೆ ನನ್ನ ಉತ್ತರವಿಷ್ಟು: ಹಂಗಿಲ್ಲದ ಋಣದವರು.

ಯಶ್ ಪಾಲ್ ಈ ಅರವಟ್ಟಿಗೆಯ ಚಪ್ಪರವನ್ನೇ ಕಟ್ಟಿದವರಲ್ಲಿ ಒಬ್ಬರೆಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಇಂದು ಪಾಕಿಸ್ತಾನದಲ್ಲಿರುವ ಝಂಗ್‌ನಲ್ಲಿ 1926ರಲ್ಲಿ ಹುಟ್ಟಿದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ಮಾಡಿದ ಭೌತವಿಜ್ಞಾನಿ. 1970ರ ದಶಕದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದಾಗ ‘ಸೈಟ್’ ಪ್ರಯೋಗವನ್ನು ಮುನ್ನಡೆಸಿದರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿತು. ಅವುಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿಗೆ ಸಂಜೆ ಕನ್ನಡದ ಕಾರ್ಯಕ್ರಮಗಳು ಬರುತ್ತಿದ್ದವು, ಬೆಳಿಗ್ಗೆ ಶಾಲಾಮಕ್ಕಳಿಗೆಂದೇ ಪ್ರಸಾರವಿತ್ತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಆಂಟೆನಾಗಳು. ಬೆಂಗಳೂರಿಗೇ ಸರಿಯಾಗಿ ಟಿವಿ ಬರುವ ಮುನ್ನ ರಾಯಚೂರಿನ ಹಳ್ಳಿಯ ಮಕ್ಕಳು ಅದನ್ನು ನೋಡಿದ್ದರು.

ಕಾರ್ನಾಡರ ವಿಷಯದಲ್ಲಿ ನನ್ನನ್ನು ಕಾಡಿದ ಸಂಕೋಚ ಬೇರೆ. ‘ತುಘಲಕ್’ ಬರೆದವರನ್ನು ಒಂದು ಟಿವಿ ಕಾರ್ಯಕ್ರಮಕ್ಕಾಗಿ ನೆನೆಯುವುದು ಅವರನ್ನು ಚಿಕ್ಕದು ಮಾಡಿದ ಹಾಗೆ ಆಗುವುದಿಲ್ಲವೇ? ಆ ವಾರ ಸಾಹಿತ್ಯದ ಗೆಳೆಯರ ನಡುವೆ ಈ ಮಾತೆತ್ತಿದಾಗ ಒಬ್ಬರು ನಕ್ಕು, “ಅದು ಅವರಿಗೆ ಹೊಟ್ಟೆಪಾಡಿನ ಕೆಲಸ ಆಗಿತ್ತೇನೋ ಮಾರಾಯರೇ” ಎಂದರು. ಇರಬಹುದು. ಆದರೆ ಕೊಟ್ಟವನ ಲೆಕ್ಕದಲ್ಲಿ ಯಾವುದು ದೊಡ್ಡದು ಎಂಬುದು ಪಡೆದವನ ಲೆಕ್ಕವನ್ನು ತಿದ್ದಬೇಕಿಲ್ಲ. ಒಬ್ಬ ಮನುಷ್ಯ ಬಹಳ ಕಡೆ ನೀರಿಟ್ಟಿದ್ದರೆ, ನಾನು ಕುಡಿದ ಗಡಿಗೆಯ ಮುಂದೆ ನಿಂತೇ ನಾನು ನೆನೆಯಬೇಕು. ಅದೂ ಅಲ್ಲದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ನಾಟಕಕಾರನೊಬ್ಬ ವಿಜ್ಞಾನದ ಕಾರ್ಯಕ್ರಮ ನಡೆಸಿಕೊಟ್ಟದ್ದು, ಕಲೆ ಮತ್ತು ವಿಜ್ಞಾನವನ್ನು ಹತ್ತನೆಯ ತರಗತಿಯ ನಂತರ ಬೇರೆಬೇರೆ ಬಸ್ಸಿಗೆ ಹತ್ತಿಸುವ ನಮ್ಮ ಸಮಾಜದಲ್ಲಿ ಸಣ್ಣ ಸಂಗತಿಯೇನಲ್ಲ.

ಇನ್ನೂ ಒಂದು ಎಳೆ ಇದೆ. ಅದೇ ಕಾರ್ನಾಡರು 1980ರ ದಶಕದಲ್ಲಿ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿದ್ದರು. ಶಾಲೆಗೆ ಹೋಗಲು ಒಲ್ಲದ ಹುಡುಗನ ಕಟ್ಟುನಿಟ್ಟಿನ ಅಪ್ಪ. ಆ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ರಾಜ್ಯಸಭೆಯ ಸದಸ್ಯರಾದಾಗ ಮಾತಾಡಿದ್ದು ಮಕ್ಕಳ ಬೆನ್ನಿನ ಮೇಲಿನ ಶಾಲಾಚೀಲದ ಭಾರದ ಬಗ್ಗೆ. ಆ ಕಾಳಜಿಯ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಯಶ್ ಪಾಲ್. 1993ರಲ್ಲಿ ಬಂದ ಅವರ ‘ಹೊರೆಯಿಲ್ಲದ ಕಲಿಕೆ’ ವರದಿ, ಚೀಲದ ತೂಕಕ್ಕಿಂತ ಅರ್ಥವಾಗದ ಪಾಠದ ತೂಕ ಹೆಚ್ಚು ಎಂಬುದನ್ನು ಎತ್ತಿ ತೋರಿಸಿತು. ಟಿವಿಯಲ್ಲಿ ಮಗುವಿನ ಪ್ರಶ್ನೆಗೆ ಕಿವಿಗೊಟ್ಟವರು ಸರ್ಕಾರದ ಮೇಜಿನ ಮೇಲೂ ಅದೇ ಮಾತನ್ನು ಇಟ್ಟರು. ಪರದೆಯ ಮೇಲಿನ ನಡತೆ ವೇಷವಾಗಿರಲಿಲ್ಲ ಎನ್ನಲು ನನಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ನೀವು ಅಳುತ್ತಿರುವುದು ನಿಮ್ಮ ಬಾಲ್ಯಕ್ಕೇ ಹೊರತು ಅವರಿಗಲ್ಲ ಎಂಬ ಮಾತೊಂದು ಉಳಿದಿದೆ. ಇದರಲ್ಲಿ ಒಂದು ಪಾಲು ಸತ್ಯವಿದೆ. ದೊಡ್ಡಪ್ಪ ಇಲ್ಲ, ಅಜ್ಜಿ ಇಲ್ಲ, ಆ ಬಿದಿರಿನ ಆಂಟೆನಾ ಎಂದೋ ಒಲೆಗೆ ಹೋಗಿದೆ. ಆದರೆ ಬಾಲ್ಯ ಹೋಗಿ ಬಹಳ ಕಾಲವಾಗಿತ್ತು. ಅದಕ್ಕಾಗಿ ನಾನು ಒಂದು ದಿನವೂ ಊಟ ಬಿಟ್ಟವನಲ್ಲ. ಕಾರ್ನಾಡರು ತಮ್ಮ ಕೊನೆಯ ವರ್ಷಗಳಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಸಭೆಗಳಿಗೆ ಬರುತ್ತಿದ್ದರು. ಆ ಚಿತ್ರ ಕಂಡಾಗ ನನಗಾದ ಸಂಕಟ ನನ್ನ ಬಗ್ಗೆ ಆಗಿರಲಿಲ್ಲ. ಉಸಿರಾಟ ಕಷ್ಟವಾಗಿದ್ದ ಒಬ್ಬ ಮುದುಕನ ಬಗ್ಗೆ ಆಗಿತ್ತು. ಮಗುವಿಗೆ ನಿರೂಪಕರೆಂದರೆ ಸಾಯದ ಒಂದು ದನಿ. ಅದಕ್ಕೂ ಶ್ವಾಸಕೋಶ ಇತ್ತು, ಅದೂ ಸವೆಯಿತು ಎಂದು ಅರಿಯುವುದು ದೊಡ್ಡವರಾದವರ ದುಃಖ. ಅಲ್ಲಿ ಅವರು ನನ್ನ ನೆನಪಿನ ಗೊಂಬೆಯಾಗಿ ಉಳಿಯುವುದಿಲ್ಲ, ಮನುಷ್ಯರಾಗುತ್ತಾರೆ.

ಈ ದುಃಖಕ್ಕೆ ಮಿತಿಯೂ ಇರಬೇಕು. ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ವಿಧಿವಿಧಾನ ಬೇಡ ಎಂಬುದು ಕಾರ್ನಾಡರ ಇಚ್ಛೆಯಾಗಿತ್ತು. ಅದರಂತೆ ಅದೇ ದಿನ ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಅಂತ್ಯಕ್ರಿಯೆ ಸರಳವಾಗಿ ಮುಗಿಯಿತು. ಕೊನೆಯ ದರ್ಶನ ಸಿಗಲಿಲ್ಲವೆಂದು ಹಲವರಿಗೆ ಬೇಸರವಾಯಿತು. ನನಗೆ ಅದು ಸರಿಯೆನಿಸಿತು. ಹೆಂಡತಿ ಮಕ್ಕಳ ದುಃಖದ ಅಂಗಳದಲ್ಲಿ ನನ್ನಂಥವರಿಗೆ ಜಾಗ ಕೇಳುವ ಹಕ್ಕಿಲ್ಲ. ಅರವಟ್ಟಿಗೆಯ ನೀರು ಕುಡಿದವರು ಇಟ್ಟವರ ಮನೆ ಹುಡುಕಿಕೊಂಡು ಹೋಗಿ ನಡುಮನೆಯಲ್ಲಿ ಕೂರುವುದಿಲ್ಲ. ನಮಗೆ ಸೂತಕವಿಲ್ಲ, ಶ್ರಾದ್ಧವಿಲ್ಲ, ತಿಥಿಯ ಊಟವಿಲ್ಲ. ಹಾಗಾದರೆ ಈ ಋಣವನ್ನು ತೀರಿಸುವುದು ಎಲ್ಲಿ?

ಅದನ್ನು ಹಿಂದಕ್ಕೆ ಕೊಡಲಾಗುವುದಿಲ್ಲ, ಮುಂದಕ್ಕೆ ಮಾತ್ರ ಕೊಡಬಹುದು. ಹೇಳುವುದು ಸುಲಭ, ಮಾಡುವಾಗ ಕಷ್ಟ. ಯಾಕೆಂದರೆ ಮಕ್ಕಳು ಪ್ರಶ್ನೆ ಕೇಳುವುದು ನಮಗೆ ಬಿಡುವಿದ್ದಾಗ ಅಲ್ಲ. ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗ ಬಂದು, “ಮಾಮ, ಫ್ಯಾನ್ ಜೋರಾಗಿ ತಿರುಗುವಾಗ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಯಾಕೆ?” ಎಂದು ಕೇಳಿದ. ನನಗೆ ಅಂದು ಮುಗಿಸಲೇಬೇಕಾದ ಕೆಲಸವೊಂದಿತ್ತು. “ಗೂಗಲ್ ಮಾಡೋ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನಮ್ಮ ಕಾಲದ “ಅದು ಹಾಗೇ”. ಲ್ಯಾಪ್‌ಟಾಪ್ ಮುಚ್ಚಿದೆ. ಇಬ್ಬರೂ ನೆಲದ ಮೇಲೆ ಮಲಗಿ ಫ್ಯಾನ್ ನೋಡಿದೆವು. ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಮ್ಮೆ, ಲೈಟ್ ಆರಿಸಿ ಕಿಟಕಿ ತೆರೆದು ಬಿಸಿಲಿನ ಬೆಳಕಿನಲ್ಲಿ ಒಮ್ಮೆ. ಬಿಸಿಲಿನಲ್ಲಿ ಆ ಹಿಂದುಮುಂದಿನ ಆಟ ಕಾಣಲಿಲ್ಲ. “ಹಾಗಾದರೆ ಫ್ಯಾನ್ ಅಲ್ಲ, ಲೈಟು ಏನೋ ಮಾಡುತ್ತಿದೆ” ಎಂದ ಅವನು. ಆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ ಎಂಬುದನ್ನು ನಾನು ಆಗಲೂ ಹೇಳಲಿಲ್ಲ. ಅವನು ಇನ್ನೂ ಮೇಲೆ ನೋಡುತ್ತಲೇ ಇದ್ದ.